ಡಚ್ ಯಂತ್ರಕ್ಕೆ ಅಮೆರಿಕದ ತಡೆ ಹೇಗೆ?

ಎಎಸ್‌ಎಂಎಲ್ ನೆದರ್ಲೆಂಡ್ಸ್‌ನ ಕಂಪನಿಯಾಗಿರುವಾಗ ಅದು ಚೀನಾಕ್ಕೆ ಇಯುವಿ ಯಂತ್ರ (ಅತಿ ಚಿಕ್ಕ ತರಂಗಾಂತರದ ಅತಿನೇರಳೆ ಬೆಳಕಿನಿಂದ ಚಿಪ್‌ಗಳ ಸೂಕ್ಷ್ಮ ವಿನ್ಯಾಸ ಮುದ್ರಿಸುವ ಯಂತ್ರ) ಮಾರುವುದನ್ನು ಅಮೆರಿಕ ಹೇಗೆ ತಡೆಯುತ್ತದೆ ಎಂದು ತಾವು ಕೇಳಿದ್ದೀರಿ. ಕಾರಣ ಯಂತ್ರದ ಒಳಗೇ ಇದೆ. ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ ಸುಮಾರು 50,000 ಬಾರಿ ಲೇಸರ್ ಹಾಯಿಸಿ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೊಮ್ಮಿಸುವ ಆ ಅದ್ಭುತ ವ್ಯವಸ್ಥೆ ಸ್ಯಾನ್ ಡಿಯಾಗೋದ ಸೈಮರ್ ಕಂಪನಿಯ ಕೊಡುಗೆ. 2013ರಲ್ಲಿ ಎಎಸ್‌ಎಂಎಲ್ ಆ ಕಂಪನಿಯನ್ನು ಕೊಂಡುಕೊಂಡರೂ ಕೆಲಸ ಅಮೆರಿಕದ ನೆಲದಲ್ಲೇ ನಡೆಯುವುದರಿಂದ ಅಲ್ಲಿನ ರಫ್ತು ಕಾನೂನಿನ ಹಿಡಿತ ತಪ್ಪಲಿಲ್ಲ. ಯಂತ್ರದ ರಫ್ತಿಗೆ ಪರವಾನಗಿ ಕೊಡಬೇಕಾದದ್ದು ಮಾತ್ರ ಡಚ್ ಸರ್ಕಾರ. ಅಮೆರಿಕದ ಒತ್ತಡದ ನಡುವೆ 2019ರಲ್ಲಿ ಅದು ಚೀನಾಕ್ಕೆ ಇಯುವಿ ಯಂತ್ರ ಕಳುಹಿಸುವ ಹಳೆಯ ಪರವಾನಗಿಯನ್ನು ನವೀಕರಿಸಲಿಲ್ಲ.

ಇಷ್ಟರಿಂದಲೇ ಚೀನಾ ನಿಂತುಹೋಯಿತೆಂದು ಭಾವಿಸುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಇನ್ನೂ ದೊಡ್ಡ ತರಂಗಾಂತರದ ಬೆಳಕು ಬಳಸುವ, ಹಿಂದಿನ ತಲೆಮಾರಿನ ಡಿಯುವಿ ಯಂತ್ರಗಳಿಂದಲೇ ಚೀನಾದ ಚಿಪ್ ತಯಾರಕ ಕಂಪನಿ ಎಸ್‌ಎಂಐಸಿ ತಯಾರಿಸಿದ 7 ನ್ಯಾನೋಮೀಟರ್ ದರ್ಜೆಯ ಮುಂದುವರಿದ ಚಿಪ್ 2023ರಲ್ಲಿ ಹುವಾವೇ ಫೋನಿನಲ್ಲಿ ಕಾಣಿಸಿಕೊಂಡಿತು. ಆದರೆ ಈ ಹಳೆಯ ಯಂತ್ರಗಳಲ್ಲಿ ಚಿಪ್‌ನ ಒಂದೇ ಪದರವನ್ನು ಹಲವು ಬಾರಿ ಮುದ್ರಿಸಬೇಕಾದ್ದರಿಂದ ಅದರ ವೆಚ್ಚ ಏರುತ್ತದೆ.