ತೋಳಹಾವೋ, ಕಟ್ಟುಹಾವೋ? ಬಚ್ಚಲುಮನೆಯ ಗೋಡೆ ಹತ್ತಿದ ಹಾವಿನ ಗುರುತು

ಪ್ರಶ್ನೆ: ನಮ್ಮದು ತಿಪಟೂರು ಸಮೀಪದ ತೋಟದ ಮನೆ. ಕಳೆದ ವಾರ ರಾತ್ರಿ ಒಂಬತ್ತರ ಸುಮಾರಿಗೆ ಬಚ್ಚಲುಮನೆಯ ಗೋಡೆಯ ಮೇಲೆ ಕಂದು ಮೈಯ, ಬಿಳಿ ಪಟ್ಟೆಗಳ ಸಣ್ಣ ಹಾವೊಂದು ಕಂಡಿತು. ಅಕ್ಕಪಕ್ಕದವರು ಕಟ್ಟುಹಾವೆಂದು ಹೇಳಿ ಹೊಡೆದು ಕೊಂದರು. ಅದಕ್ಕೆ ಮೊದಲು ಮಗ ತೆಗೆದಿದ್ದ ಫೋಟೊ ನೋಡಿದ ಅವನ ಸ್ನೇಹಿತ, ಇದು ವಿಷವಿಲ್ಲದ ತೋಳಹಾವು ಎನ್ನುತ್ತಾನೆ. ಯಾರ ಮಾತು ನಿಜ? ಇವೆರಡನ್ನೂ ಗುರುತಿಸುವುದು ಹೇಗೆ? ಕೊಂದ ಹಾವಿನ ಜೋಡಿ ಹುಡುಕಿಕೊಂಡು ಬರುತ್ತದೆ ಎಂದು ಅತ್ತೆಯವರು ಹೆದರಿದ್ದಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
– ಗೃಹಿಣಿಯೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಮಗನ ಸ್ನೇಹಿತ ಹೇಳಿದ್ದೇ ಸರಿ. ಅದು ತೋಳಹಾವು, ಮನುಷ್ಯನಿಗೆ ಅಪಾಯ ಮಾಡುವ ವಿಷ ಅದಕ್ಕಿಲ್ಲ. ಆದರೆ ನಿಮ್ಮ ನೆರೆಯವರನ್ನು ನಾನು ದೂರುವುದಿಲ್ಲ. ರಾತ್ರಿ ಹೊತ್ತು, ಮಂದ ಬೆಳಕಿನಲ್ಲಿ, ಮಕ್ಕಳಿರುವ ಮನೆಯಲ್ಲಿ ಪಟ್ಟೆಯ ಹಾವೊಂದನ್ನು ಕಂಡಾಗ ಕಟ್ಟುಹಾವಿನ ನೆನಪಾಗುವುದು ಸಹಜ, ಮತ್ತು ಆ ಭಯಕ್ಕೆ ಕಾರಣವೂ ಇದೆ.

ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಕುತ್ತಿಗೆಯ ಬಳಿಯ ಪಟ್ಟೆ. ತಲೆಯ ಹಿಂದೆಯೇ ಕೊರಳಪಟ್ಟಿಯಂತೆ ಅಗಲವಾದ ಹಳದಿ ಮಿಶ್ರಿತ ಬಿಳಿ ಪಟ್ಟೆಯಿದೆ. ಅದರ ಹಿಂದಿನ ಪಟ್ಟೆಗಳು ಬೆನ್ನಿನ ಮೇಲೆ ಕಿರಿದಾಗಿದ್ದು, ಪಕ್ಕೆಗೆ ಇಳಿಯುವಾಗ ಕವಲೊಡೆದು ತ್ರಿಕೋನದಂತೆ ಹರಡಿಕೊಂಡಿವೆ. ಬಾಲದ ಕಡೆಗೆ ಹೋದಂತೆ ಮಸುಕಾಗಿ, ಕೊನೆಯಲ್ಲಿ ಬರೀ ಕಂದು ಮೈ ಉಳಿದಿದೆ. ಕಟ್ಟುಹಾವಿನಲ್ಲಿ ಇದು ತಿರುವುಮುರುವು. ಬೆಳೆದ ಕಟ್ಟುಹಾವಿನ ಕುತ್ತಿಗೆಯ ಭಾಗ ಸಾಮಾನ್ಯವಾಗಿ ಪಟ್ಟೆಯಿಲ್ಲದೆ ಖಾಲಿ ಇರುತ್ತದೆ. ಪಟ್ಟೆಗಳು ಸ್ವಲ್ಪ ಹಿಂದಿನಿಂದ ಆರಂಭವಾಗಿ, ಬಾಲದತ್ತ ಸಾಗಿದಂತೆ ಇನ್ನಷ್ಟು ಸ್ಪಷ್ಟವಾಗುತ್ತವೆ. ಅವು ದಾರ ಸುತ್ತಿದಂತೆ ತೆಳುವಾಗಿದ್ದು, ಹೆಚ್ಚಾಗಿ ಎರಡೆರಡು ಜೊತೆಯಾಗಿರುತ್ತವೆ. ಮೈಬಣ್ಣ ನೀಲಿ ಛಾಯೆಯ ಹೊಳೆಯುವ ಕಪ್ಪು.

ತಲೆಯ ಆಕಾರವೂ ಬೇರೆ. ತೋಳಹಾವಿನ ತಲೆ ಚಪ್ಪಟೆ, ಮೂತಿ ಚಮಚದ ತುದಿಯಂತೆ ಅಗಲ, ಕಣ್ಣುಗಳು ಕರಿಮಣಿಯಂತೆ ಹೊರಗೆ ಉಬ್ಬಿರುತ್ತವೆ. ಕಟ್ಟುಹಾವಿನ ತಲೆ ದುಂಡಗಿದ್ದು ಕುತ್ತಿಗೆಯೊಂದಿಗೆ ಬಹುತೇಕ ಒಂದೇ ಅಳತೆಯಲ್ಲಿರುತ್ತದೆ. ನಿಮ್ಮ ಗೋಡೆಯ ಒಂದಡಿ ಟೈಲ್ಸ್ ಲೆಕ್ಕದಲ್ಲಿ ಆ ಹಾವು ಒಂದೂವರೆ ಅಡಿಯಷ್ಟೇ ಇತ್ತು, ತೋಳಹಾವಿಗೆ ಅದು ಸಾಮಾನ್ಯ ಉದ್ದ. ಕಟ್ಟುಹಾವು ಮೂರಡಿ ದಾಟುವುದು ಅಪರೂಪವಲ್ಲ, ಆದರೆ ಅದರ ಮರಿಗಳೂ ಇರುತ್ತವಲ್ಲ, ಉದ್ದವೊಂದನ್ನೇ ನೆಚ್ಚಬೇಡಿ.

ಗೋಡೆ ಹತ್ತಿದ್ದೂ ಒಂದು ಸುಳಿವು. ತೋಳಹಾವಿನ ಹೊಟ್ಟೆಯ ಅಗಲವಾದ ಹುರುಪೆಗಳ ಎರಡೂ ಅಂಚುಗಳಲ್ಲಿ ಸಣ್ಣ ಉಬ್ಬುಗೆರೆಯಂಥ ಏಣು ಇರುತ್ತದೆ, ಅದರ ಆಸರೆಯಿಂದ ಅದು ಒರಟು ಗಾರೆಯನ್ನೋ ಪೈಪಿನ ಸಂದನ್ನೋ ಹಿಡಿದು ಸಲೀಸಾಗಿ ಏರುತ್ತದೆ. ಏರುವುದು ಹಲ್ಲಿಗಾಗಿ. ನುಣುಪು ಮೈಯ ಹಲ್ಲಿ, ಹಾವುರಾಣಿಗಳು ಬಾಯಿಂದ ಜಾರದಂತೆ ಕಚ್ಚಿ ಹಿಡಿಯಲು ಮುಂದಿನ ಕೆಲವು ಹಲ್ಲುಗಳು ಉದ್ದವಾಗಿವೆ. ತೋಳಹಾವಿನ ವೈಜ್ಞಾನಿಕ ಹೆಸರು ಲೈಕೋಡಾನ್ ಆಲಿಕಸ್; ಇದರಲ್ಲಿ ಲೈಕೋಡಾನ್ ಎಂಬ ಕುಲನಾಮಕ್ಕೆ ಗ್ರೀಕಿನಲ್ಲಿ ತೋಳದ ಹಲ್ಲು ಎಂದೇ ಅರ್ಥ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಈ ಹಾವಿಗೆ ಕೊಟ್ಟ ಆಲಿಕಸ್ ಎಂಬ ಹೆಸರಿನ ಲ್ಯಾಟಿನ್ ಮೂಲ ಅರಮನೆಗೆ, ಅಂಗಳಕ್ಕೆ ಸಂಬಂಧಿಸಿದ್ದು. ಮನೆಯ ಬಿರುಕು, ಕಲ್ಲುಗೋಡೆ, ಹೆಂಚಿನ ಸಂದುಗಳಲ್ಲೇ ಬಾಳುವ ಈ ಹಾವಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳಲೇಬೇಕು. ಮೇಲಿನ ಗುರುತುಗಳು ಯಾವಾಗಲೂ ಇಷ್ಟು ನಿಚ್ಚಳವಾಗಿರುವುದಿಲ್ಲ. ತೋಳಹಾವುಗಳಲ್ಲೇ ಕಪ್ಪು ಮೈಯ ಬೇರೆ ಪ್ರಭೇದಗಳಿವೆ. ಕಟ್ಟುಹಾವಿನ ಮರಿಗಳಲ್ಲಿ ಪಟ್ಟೆ ಅಥವಾ ಬಿಳಿ ಚುಕ್ಕೆಗಳು ಕುತ್ತಿಗೆಯ ಹತ್ತಿರದವರೆಗೂ ಬರಬಹುದು, ಮುದಿ ಹಾವುಗಳಲ್ಲಿ ಪಟ್ಟೆ ಅಳಿಸಿಹೋಗಿರಬಹುದು. ಹಲವು ವರ್ಷಗಳ ಹಿಂದೆ ಒಬ್ಬ ಹುಡುಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗೇಣುದ್ದದ ಹಾವನ್ನು ಹಾಕಿಕೊಂಡು, ತೋಳಹಾವಿನ ಮರಿ ಎಂದು ನನಗೆ ತೋರಿಸಲು ತಂದಿದ್ದ. ಟಾರ್ಚ್ ಬೆಳಕಿನಲ್ಲಿ ಮೊದಲ ನೋಟಕ್ಕೆ ನಾನೂ ಹೌದೆಂದುಕೊಂಡೆ. ಹಾವು ಮಗ್ಗುಲಾದಾಗ ಬೆನ್ನಿನ ನಡುಸಾಲು ಕಂಡಿತು: ಅಲ್ಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡದಾಗಿ, ಆರು ಮೂಲೆಯ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದಂತಿದ್ದವು. ಅದು ಕಟ್ಟುಹಾವು. ಆ ಹುಡುಗ ದಾರಿಯಲ್ಲಿ ಎರಡು ಸಲ ಮುಚ್ಚಳ ತೆಗೆದು ನೋಡಿದ್ದನೆಂದು ತಿಳಿದಾಗ ನನ್ನ ಕೈ ನಡುಗಿತ್ತು.

ಬೆನ್ನಿನ ಮೇಲಿನ ಈ ಷಟ್ಕೋನದ ಸಾಲು ಬಣ್ಣ ಮತ್ತು ಪಟ್ಟೆಗಳಿಗಿಂತ ನಂಬಿಕಸ್ತ ಗುರುತು. ತೋಳಹಾವಿನಲ್ಲಿ ಬೆನ್ನಿನ ಹುರುಪೆಗಳೆಲ್ಲ ಒಂದೇ ಗಾತ್ರ. ಆದರೆ ಅದನ್ನು ನೋಡಲು ಹತ್ತಿರ ಹೋಗಬಾರದು. ದೂರ ನಿಂತು, ಮೊಬೈಲಿನಲ್ಲಿ ಫೋಟೊ ತೆಗೆದು, ಅದನ್ನು ಹಿಗ್ಗಿಸಿ ನೋಡಿ, ಅಥವಾ ತಿಳಿದವರಿಗೆ ಕಳಿಸಿ. ಸತ್ತ ಹಾವನ್ನೂ ಕೈಯಿಂದ ಮುಟ್ಟಬೇಡಿ. ಸತ್ತ ಮೇಲೂ ಕೆಲಹೊತ್ತು ಅದರ ದವಡೆ ಕಚ್ಚಬಲ್ಲದು.

ಇನ್ನೊಂದು ವಿಷಯವನ್ನು ನಾನು ಬಹಳ ಒತ್ತಿ ಹೇಳಬಯಸುತ್ತೇನೆ. ಈ ಗುರುತುಗಳು ನಿರಪರಾಧಿ ಹಾವನ್ನು ಉಳಿಸುವುದಕ್ಕೆ. ಕಚ್ಚಿದ ಮೇಲೆ ಮನೆಯಲ್ಲಿ ಕುಳಿತು ವಿಷವಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದಕ್ಕಲ್ಲ. ತೋಳಹಾವನ್ನು ಹಿಡಿದರೆ ಅದು ಸಿಟ್ಟಿನಿಂದ ಕಚ್ಚುತ್ತದೆ, ಉರಿಯುತ್ತದೆ, ರಕ್ತವೂ ಬರುತ್ತದೆ. ಕಟ್ಟುಹಾವು ಕಚ್ಚಿದರೆ ಅನೇಕ ವೇಳೆ ನೋವೂ ಇಲ್ಲ, ಬಾವೂ ಇಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗುವುದಿಲ್ಲ. ಅಂದರೆ ನೋವಿನ ಪ್ರಮಾಣದಿಂದ ಅಳೆಯಹೊರಟವರು ಪೂರ್ತಿ ತಪ್ಪು ನಿರ್ಣಯಕ್ಕೆ ಬರುತ್ತಾರೆ. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಈ ವಿಷ ನರದ ತುದಿಗಳನ್ನೇ ಹಾಳುಮಾಡುವುದರಿಂದ, ತಡವಾಗಿ ಕೊಟ್ಟ ಪ್ರತಿವಿಷ ಆಗಿಹೋದ ಹಾನಿಯನ್ನು ಸರಿಪಡಿಸಲಾರದು; ಆಗ ರೋಗಿಯನ್ನು ದಿನಗಟ್ಟಲೆ ವೆಂಟಿಲೇಟರ್‌ನಲ್ಲಿಟ್ಟು ಉಳಿಸಿಕೊಳ್ಳಬೇಕಾಗುತ್ತದೆ.

ಆದ್ದರಿಂದ ಯಾವ ಹಾವು ಕಚ್ಚಿದರೂ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು, ನಾಟಿ ಮದ್ದಿಗೆ ಓಡುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಪ್ರತಿವಿಷವಿರುವ ಆಸ್ಪತ್ರೆ ಸೇರಿ. ಹಾವನ್ನು ಹಿಡಿದು ಒಯ್ಯುವ ಅಗತ್ಯವಿಲ್ಲ: ನಮ್ಮ ದೇಶದ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ, ಮತ್ತು ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ನಡೆಸುತ್ತಾರೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಗಿದೆ.

ಇನ್ನು ಅತ್ತೆಯವರ ಭಯದ ವಿಚಾರ. ಹಾವುಗಳು ಜೋಡಿಯಾಗಿ ಸಂಸಾರ ಮಾಡುವುದಿಲ್ಲ, ಕೊಂದವರನ್ನು ನೆನಪಿಟ್ಟುಕೊಂಡು ಬರುವುದೂ ಇಲ್ಲ. ದಯವಿಟ್ಟು ಅವರಿಗೆ ಧೈರ್ಯ ಹೇಳಿ. ಮತ್ತೊಂದು ತೋಳಹಾವು ಬಂದರೂ ಬರಬಹುದು, ಬಂದರೆ ಅದು ದೀಪದ ಬಳಿ ಸೇರುವ ಹಲ್ಲಿಗಳಿಗಾಗಿ. ಬಚ್ಚಲಿನ ನೀರು ಹೋಗುವ ತೂತಿಗೆ ಜಾಲರಿ ಹಾಕಿಸಿ, ಪೈಪ್ ಗೋಡೆಯೊಳಗೆ ನುಗ್ಗುವ ಕಡೆ ಸಿಮೆಂಟ್ ಮೆತ್ತಿಸಿ, ಗೋಡೆಗೆ ಆನಿಸಿಟ್ಟ ತೆಂಗಿನ ಮಟ್ಟೆ, ಸೌದೆ, ಇಟ್ಟಿಗೆಗಳನ್ನು ದೂರ ಸಾಗಿಸಿ. ತೋಟದ ಮನೆಯೆಂದ ಮೇಲೆ ನಿಜವಾದ ಕಟ್ಟುಹಾವೂ ಆಸುಪಾಸಿನಲ್ಲಿ ಇರಬಹುದೆಂದೇ ಭಾವಿಸಿ ಮಕ್ಕಳನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆಯ ಅಂಚನ್ನು ಇಳಿಬಿಡದೆ ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿ.