ಗ್ಯಾಸ್ ಸಿಲಿಂಡರ್ ಎಷ್ಟು ಕೆ.ಜಿ. ಟಿಎನ್‌ಟಿಗೆ ಸಮ?

14.2 ಕೆ.ಜಿ. ಅಡುಗೆ ಸಿಲಿಂಡರ್ ಎಷ್ಟು ಟಿಎನ್‌ಟಿ ಎಂಬ ಸ್ಫೋಟಕಕ್ಕೆ ಸಮ, ಸೂತ್ರ ಯಾವುದು ಅಂತ ಕೇಳಿದ್ದೀರಿ. ಸೂತ್ರ ಸುಲಭ. ಎಲ್‌ಪಿಜಿಯಲ್ಲಿ ಕೆ.ಜಿ.ಗೆ ಸುಮಾರು 46 ಮೆಗಾಜೂಲ್ ಶಕ್ತಿ, ಟಿಎನ್‌ಟಿಯಲ್ಲಿ 4.2. ಗುಣಿಸಿ ಭಾಗಿಸಿದರೆ 155 ಕೆ.ಜಿ. ಬರುತ್ತದೆ. ಇಂಥ ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು. ಆದರೂ ಆ 155ನ್ನು ಯಾವ ವರದಿಯಲ್ಲೂ ಬರೆಯಲಾರೆ.

ಟಿಎನ್‌ಟಿಗೆ ಗಾಳಿಯ ಹಂಗಿಲ್ಲ. ಗ್ಯಾಸಿಗಿದೆ, ಅದೂ ಹದವಾಗಿ ಬೆರೆಯಬೇಕು: ಗಾಳಿಯಲ್ಲಿ ಸುಮಾರು ಶೇ. 2ರಿಂದ 9ರಷ್ಟಿದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಹಾಗಾಗಿ ಸಿಲಿಂಡರ್ ಬಿಟ್ಟು ಅಡುಗೆಮನೆ ನೋಡಿ. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಅಂದರೆ 27 ಘನ ಮೀಟರ್. ಗ್ಯಾಸ್ ಎಲ್ಲೆಡೆ ಸಮನಾಗಿ ಬೆರೆತರೆ ಶೇ. 2 ಮುಟ್ಟಲು ಹೆಚ್ಚುಕಡಿಮೆ 1.2 ಕೆ.ಜಿ. ಬೇಕು. ಆದರೆ ಎಲ್‌ಪಿಜಿ ಗಾಳಿಗಿಂತ ಭಾರ, ಚೆಲ್ಲಿದ ನೀರಿನ ಹಾಗೆ ನೆಲ ಹಿಡಿಯುತ್ತದೆ. ಕೆಳಗಿನ ಒಂದಡಿಯಲ್ಲೇ ನಿಂತಿತು ಅಂದುಕೊಂಡರೆ (ಒರಟು ಊಹೆ, ಆದರೂ ಕೆಲಸಕ್ಕೆ ಬರುತ್ತದೆ) 120 ಗ್ರಾಂ ಸಾಕು! ದೊಡ್ಡ ಬರ್ನರ್ ಗಂಟೆಗೆ 150 ಗ್ರಾಂ ಆಸುಪಾಸು ಉರಿಸುತ್ತದೆ. ಹಾಲು ಉಕ್ಕಿ ಒಲೆ ಆರಿತು, ಕಿಟಕಿ ಬಾಗಿಲು ಮುಚ್ಚಿವೆ, ನೀವು ಟಿ.ವಿ. ಮುಂದೆ ಕೂತಿದ್ದೀರಿ: ಮುಕ್ಕಾಲು ಗಂಟೆಯ ಮಾತು. ಆಮೇಲೆ ಫ್ರಿಜ್ಜಿನ ಒಂದು ಕಿಡಿ.

ಮುಚ್ಚಿದ ಗಟ್ಟಿ ಪಾತ್ರೆಯೊಳಗೆ ಹದವಾಗಿ ಬೆರೆತು ಹೊತ್ತಿದರೆ ಒತ್ತಡ ಸುಮಾರು 8 ಬಾರ್‌ಗೆ ಏರುತ್ತದೆ. ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಮನೆಯ ಇಟ್ಟಿಗೆ ಗೋಡೆಗೆ 0.2 ಬಾರ್ ಕೂಡ ಹೆಚ್ಚೇ. ಕಿಟಕಿ ಗಾಜು ಅದಕ್ಕೂ ಮೊದಲೇ ಒಡೆದು ಒತ್ತಡವನ್ನು ಹೊರಗೆ ಬಿಡುತ್ತದೆ, ಗೋಡೆ ಉಳಿದರೆ ಆ ಗಾಜಿನ ಪುಣ್ಯ.

ಬಯಲಲ್ಲಾದರೆ ಅಪಾಯ ಕಡಿಮೆ ಅಂತ ನಾವೂ ನಂಬಿದ್ದೆವು. 2005ರ ಡಿಸೆಂಬರ್ 11ರ ಬೆಳಗಿನ ಜಾವ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಡಿಪೋದಲ್ಲಿ ಪೆಟ್ರೋಲ್ ಟ್ಯಾಂಕ್ ತುಂಬಿ ಹರಿಯಿತು. ಮಟ್ಟ ತೋರಿಸುವ ಗೇಜ್ ಸಿಕ್ಕಿಕೊಂಡಿತ್ತು, ತುಂಬಿದಾಗ ತಡೆಯಬೇಕಿದ್ದ ಸ್ವಿಚ್ಚೂ ಕೈಕೊಟ್ಟಿತು. ಗಾಳಿ ಬೀಸುತ್ತಿರಲಿಲ್ಲ, ಆವಿ ಮಂಜಿನಂತೆ ಪಕ್ಕದ ಪಾರ್ಕಿಂಗ್ ಜಾಗಕ್ಕೆ ಹಬ್ಬಿ ಹೊತ್ತಿಕೊಂಡಿತು. ಅಂಥ ತೆರೆದ ಜಾಗಕ್ಕೆ ಅಂದಿನ ಲೆಕ್ಕದ ಮಾದರಿಗಳು ಹೇಳುತ್ತಿದ್ದುದು 20ರಿಂದ 50 ಮಿಲಿಬಾರ್ (ಸಾವಿರ ಮಿಲಿಬಾರ್ ಸೇರಿದರೆ ಒಂದು ಬಾರ್). ನಜ್ಜುಗುಜ್ಜಾದ ಕಾರುಗಳನ್ನು ನೋಡಿ ತನಿಖೆ ಮಾಡಿದವರು ಅಂದಾಜಿಸಿದ್ದು 2,000 ಮಿಲಿಬಾರ್‌ಗೂ ಮೇಲೆ. ರಸ್ತೆ ಬದಿಯ ಮರ, ಪೊದೆಗಳ ಸಾಲು ಜ್ವಾಲೆಯನ್ನು ಕಲಕಿ ಕಲಕಿ ವೇಗ ಹೆಚ್ಚಿಸಿತ್ತು. ಭಾನುವಾರವಾದ್ದರಿಂದ ಯಾರೂ ಸಾಯಲಿಲ್ಲ, 43 ಜನ ಗಾಯಗೊಂಡರು. ಅಲ್ಲಿಂದೀಚೆಗೆ ಸೈಟಿಗೆ ಹೋದಾಗ ಟ್ಯಾಂಕಿನಷ್ಟೇ ಬೇಲಿಗಿಡಗಳನ್ನೂ ನೋಡುತ್ತೇನೆ, ಜೊತೆಗಿದ್ದವರು ನಗುತ್ತಾರೆ.

ನೀವು ಕೇಳಿದ್ದು ಸಿಲಿಂಡರೇ ಬೆಂಕಿಗೆ ಸಿಕ್ಕಿ ಸಿಡಿಯುವುದಾದರೆ ಅದರ ಲೆಕ್ಕವೇ ಬೇರೆ. ಬೆಂಕಿಯುಂಡೆಯ ಅಗಲ ಮೀಟರಿನಲ್ಲಿ, ಗ್ಯಾಸಿನ ಕೆ.ಜಿ. ತೂಕದ ಘನಮೂಲದ 5.8 ಪಟ್ಟು, ತುಂಬಿದ ಸಿಲಿಂಡರಿಗೆ 14 ಮೀಟರ್, ಇರುವುದು ಸುಮಾರು ಒಂದು ಸೆಕೆಂಡ್. ಚೂರುಗಳು ಎಲ್ಲಿಗೆ ಹಾರುತ್ತವೆ ಅನ್ನುವುದು ಈ ಸೂತ್ರಕ್ಕೆ ಸಿಗದು.

ಸಾಫ್ಟ್‌ವೇರ್ ಬೇಕಿದ್ದರೆ, ಗ್ಯಾಸ್ ಸೋರಿಕೆಯ ಅಪಾಯ ಲೆಕ್ಕ ಹಾಕುವ ಅಲೋಹಾ ಉಚಿತ. ಆದರೆ ಅದು ಹೊರಗಿನ ಸೋರಿಕೆಗೆ ಮಾತ್ರ, ಅಡುಗೆಮನೆಗೆ ಬಳಸಬೇಡಿ.

ಕೊನೆಗೊಂದು, ನೀವು ಕೇಳದೇ ಇದ್ದದ್ದು. ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಹಾಕಿಸಿಕೊಂಡವರು ಸಿಲಿಂಡರ್ ಗ್ಯಾಸಿನ ಸೋರಿಕೆ ಗುರುತಿಸುವ ಹಳೆಯ ಡಿಟೆಕ್ಟರನ್ನು ನೆಲದ ಹತ್ತಿರವೇ ಬಿಟ್ಟಿರುವುದನ್ನು ಕಂಡಿದ್ದೇನೆ. ಪೈಪಿನಲ್ಲಿ ಬರುವುದು ಮೀಥೇನ್. ಅದು ಗಾಳಿಗಿಂತ ಹಗುರ, ಸೂರಿನ ಕೆಳಗೆ ಸೇರುತ್ತದೆ. ಮೀಥೇನ್ ಗುರುತಿಸುವ ಡಿಟೆಕ್ಟರ್ ತಂದು ಅಲ್ಲಿ ಹಾಕಿಸಿ.