ಮೇಲಿನ ಪದರ ಸೀಳಿಲ್ಲ ಅಂದ್ರೆ, ಸ್ತರಭಂಗ ಯಾವಾಗ ನಿಂತಿತು ಅಂತ ಹೇಳಬಹುದಾ?

ಲೋಕಾಪುರದ ಹತ್ತಿರ ಒಂದು ಸುಣ್ಣಗಲ್ಲಿನ ಕ್ವಾರಿಯಲ್ಲಿ ಕೆಳಗಿನ ಪದರಗಳು ತುಂಡಾಗಿ ಮೇಲೆ ಕೆಳಗೆ ಸರಿದಿವೆ, ಮೇಲಿನ ಪದರ ಮಾತ್ರ ನೆಟ್ಟಗಿದೆ, ಹಾಗಾದ್ರೆ ಆ ಫಾಲ್ಟ್ (ಸ್ತರಭಂಗ, ಅಂದ್ರೆ ಕಲ್ಲು ಒಡೆದು ಎರಡೂ ಕಡೆ ಸರಿದ ಬಿರುಕು) ನಿಂತ ಕಾಲ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಗೊತ್ತಾಗುತ್ತೆ, ಆದ್ರೆ ಇಸವಿ ಸಿಗಲ್ಲ. ಇದಾದ ಮೇಲೆ, ಅದಕ್ಕಿಂತ ಮೊದಲು ಅಂತ ಎರಡು ಗಡಿ ಸಿಗುತ್ತವೆ.

ನಾನು ಬಾಗಲಕೋಟೆಯವನು, ಜಿಯಾಲಜಿ ಓದಿ ಬೋರ್‌ವೆಲ್ ಪಾಯಿಂಟ್ ನೋಡುತ್ತೇನೆ. ಫಾಲ್ಟ್ ಅಂದ್ರೆ ನನಗೆ ಖುಷಿ, ಕಲ್ಲು ಒಡೆದಲ್ಲಿ ನೀರು ಸಿಗೋ ಆಸೆ ಜಾಸ್ತಿ. ನಮ್ಮ ಮನೆ ಎರಿ ಮಣ್ಣಿನ ಮೇಲಿದೆ, ಪಡಸಾಲೆ ಗೋಡೆಯಲ್ಲಿ ಒಂದು ಬಿರುಕು. 2009ರ ದೀಪಾವಳಿಗೆ ಬಳಿದ ನೀಲಿ ಸುಣ್ಣವನ್ನು ಅದು ಸೀಳಿದೆ. 2016ರಲ್ಲಿ ತಂಗಿ ಮದುವೆಗೆ ಹೊಡೆಸಿದ ಹಳದಿ ಬಣ್ಣದ ಮೇಲೆ ಗೆರೆಯೂ ಇಲ್ಲ. ಉಗುರಲ್ಲಿ ಕೆರೆದು ನೋಡಿದೆ, ಹಳದಿ ಬಣ್ಣ ಬಿರುಕಿನೊಳಗೂ ಇಳಿದಿತ್ತು. ಅಂದ್ರೆ ಗೋಡೆ ಬಿರುಕು ಬಿಟ್ಟಿದ್ದು 2009 ಮತ್ತು 2016ರ ನಡುವೆ. ವರ್ಷ ವರ್ಷ ಬಳಿದಿದ್ದರೆ ಗಡಿ ಇನ್ನೂ ಬಿಗಿಯಾಗುತ್ತಿತ್ತು, ಅಲ್ವಾ?

ಕಲ್ಲಿಗೂ ಇದೇ ಲೆಕ್ಕ. ಫಾಲ್ಟ್ ಸೀಳಿದ ಪದರಗಳಲ್ಲಿ ಎಲ್ಲಕ್ಕಿಂತ ಹೊಸದು ಒಂದು ಗಡಿ, ಅದನ್ನು ಮುಚ್ಚಿ ಸೀಳದೇ ಉಳಿದ ಮೊದಲ ಪದರ ಇನ್ನೊಂದು. ಆದ್ರೆ ಸುಮ್ನೆ ನೋಡಿ ಬರಬೇಡಿ, ಟೇಪ್ ಹಿಡಿದು ಅಳೆಯಿರಿ. ಕೆಳಗಿನ ಪದರ 2 ಮೀಟರ್ ಸರಿದಿದ್ದು, ಅದರ ಮೇಲಿನದು ಅರ್ಧ ಮೀಟರ್ ಅಷ್ಟೇ ಸರಿದಿದ್ದು, ಕುಸಿದ ಕಡೆ ಪದರ ದಪ್ಪಗಿದ್ದರೆ, ಕೆಸರು ಕೂರುತ್ತಿದ್ದಾಗಲೇ ಫಾಲ್ಟ್ ಸರಿಯುತ್ತಿತ್ತು ಅಂತ ಅರ್ಥ. ಇಂಥದ್ದು ಸಿಕ್ಕರೆ ಅದೃಷ್ಟ.

ಎರಡು ಗಡಿ ನಡುವೆ ಎಷ್ಟು ಅಂತರ ಇರಬಹುದು ಅಂತ ನೋಡಬೇಕಾದ್ರೆ ರಾಮದುರ್ಗದ ಕಡೆ ಹೋಗಿ. ಕೆಳಗೆ ಬಾಗಲಕೋಟೆ ಗುಂಪು ಅಂತ ಕರೆಯೋ ಹಳೇ ಕಲ್ಲಿನ ಪದರಗಳು ಮಡಚಿಕೊಂಡು ವಾಲಿವೆ, ಅವುಗಳ ಸವೆದ ತಲೆಯ ಮೇಲೆ ಅದಕ್ಕಿಂತ ಹೊಸದಾದ ಬಾದಾಮಿ ಗುಂಪಿನ ಮರಳುಗಲ್ಲು ಹಾಸಿಗೆ ಹಾಸಿದ ಹಾಗೆ ಕೂತಿದೆ. ಮಡಚಿದ್ದು, ಸವೆದದ್ದು ಎಲ್ಲಾ ಆ ನಡುವಿನ ಕಾಲದಲ್ಲಿ, ಅದಕ್ಕೆ ಸಾಕ್ಷಿಯಾಗಿ ಉಳಿದದ್ದು ಒಂದು ಗೆರೆ. ಮರಳುಗಲ್ಲು ತನ್ನ ವಯಸ್ಸು ತಾನೇ ಹೇಳಲ್ಲ ಅನ್ನೋದು ಇನ್ನೊಂದು ತಲೆನೋವು. ಅದರೊಳಗಿನ ಜಿರ್ಕಾನ್ ಅನ್ನೋ ಖನಿಜದ ಕಾಳು ಹೇಳೋದು ತಾನು ಹುಟ್ಟಿದ ಕಾಲ. ಪದರ ಅದಕ್ಕಿಂತ ಹೊಸದು ಅಂತ ಮಾತ್ರ ಗೊತ್ತಾಗುತ್ತೆ. ಮೇಲೆ ಲಾವಾ ಹರಿದು ಗಟ್ಟಿಯಾದ ಕಲ್ಲಿದ್ದರೆ ಒಳ್ಳೇದು, ಅದು ಗಟ್ಟಿಯಾದ ಕಾಲವನ್ನೇ ಅಳೆಯಬಹುದು. ವಿಜಯಪುರದ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ್ದು, ಅಂಥ ಕಲ್ಲು ಸೀಳದೇ ಮುಚ್ಚಿದ್ದರೆ ಒಂದು ಗಡಿಗೆ ಅಂಕಿಯೇ ಸಿಕ್ಕ ಹಾಗೆ.

ಮೋಸ ಹೋಗೋ ಜಾಗವೂ ಇದೆ. ಕೆಲವು ಫಾಲ್ಟ್ ಮೇಲೆ ಹೋಗ್ತಾ ಹೋಗ್ತಾ ತಾವೇ ಸತ್ತು ಹೋಗುತ್ತವೆ, ಮೇಲಿನ ಪದರ ಸೀಳದೆ ಬರೀ ಬಾಗಿರುತ್ತೆ. ಹಾಗಿದ್ದರೆ ಆ ಪದರ ಕೂತ ಮೇಲೂ ಫಾಲ್ಟ್ ಸರಿದಿರಬಹುದು. ಫಾಲ್ಟಿನ ತಲೆ ಸವೆದ ಮೇಲ್ಮೈಯಲ್ಲಿ ಪಟ್ ಅಂತ ಮುಗಿದಿದ್ದು, ಮೇಲಿನ ಪದರದ ಬುಡದಲ್ಲಿ ಕೆಳಗಿನ ಕಲ್ಲಿನದೇ ಚೂರು ಸಿಕ್ಕರೆ ಮಾತ್ರ ನಂಬಿ.

ಈಗ ನಿಮ್ಮ ಕ್ವಾರಿಗೆ ಬರೋಣ. ಆ ನೆಟ್ಟಗಿರೋದು ಕಲ್ಲಾ, ಎರಿ ಮಣ್ಣಾ? ಬರೀ ಮಣ್ಣಾದರೆ ನಿಮ್ಮ ಎರಡು ಗಡಿ ನಡುವೆ ನೂರು ಕೋಟಿ ವರ್ಷ ಆರಾಮಾಗಿ ಕೂರುತ್ತೆ. ನೋಡಿಕೊಂಡು ಬಂದು ಬರೆಯಿರಿ, ಪಕ್ಕದಲ್ಲಿ ಟೇಪ್ ಇಟ್ಟು ಫೋಟೋನೂ ಹಾಕಿ. ಇಳಿಯೋ ಮುಂಚೆ ಬ್ಲಾಸ್ಟಿಂಗ್ ಟೈಮ್ ಕೇಳಿಕೊಳ್ಳಿ.